ಡಿಕ್ಕಿಗೆ ಬಿದ್ದ ಡಿಕ್ಕಿ

ಕಾರಿನ ಡಿಕ್ಕಿಗೆ ಹಿಂದಿನಿಂದ ಗಾಡಿ ಬಂದು ಡಿಕ್ಕಿ ಹೊಡೆದರೆ ಅದನ್ನು ಫೋನಿನಲ್ಲಿ ಕನ್ನಡದಲ್ಲಿ ಹೇಳುವುದು ಕಷ್ಟ. "ಡಿಕ್ಕಿಗೆ ಡಿಕ್ಕಿ ಹೊಡೆದ, ಭಾವ" ಎಂದೆ. "ಅದು ಗೊತ್ತಾಯ್ತು ಮಾರಾಯ, ಎಲ್ಲಿಗೆ ಹೊಡೆದ?" ಎಂದರು ಭಾವ.

ಜನವರಿ ತಿಂಗಳು. ತರೀಕೆರೆ ದಾಟಿ ಶಿವಮೊಗ್ಗದ ಕಡೆ ಬರುತ್ತಿದ್ದೆವು. ಹಂಪ್ ಕಂಡು ನಾನು ನಿಧಾನ ಮಾಡಿದೆ, ಹಿಂದಿದ್ದ ಗೂಡ್ಸ್ ಗಾಡಿಯವನು ಮಾಡಲಿಲ್ಲ. ನಮ್ಮದು 2015ರ ಮಾರುತಿ ಸ್ವಿಫ್ಟ್, ಪೆಟ್ರೋಲ್, ಬೆಳ್ಳಿ ಬಣ್ಣ. ಬಂಪರ್ ಎರಡು ತುಂಡಾಯಿತು. ಬಂಪರ್ ಹಿಂದಿರುವ ತಗಡು, ಅಂದರೆ ಬ್ಯಾಕ್ ಪ್ಯಾನೆಲ್, ಎಡಗಡೆ ನಾಲ್ಕು ಬೆರಳಷ್ಟು ಒಳಗೆ ಹೋಯಿತು. ಹಿಂದಿನ ಚಕ್ರದ ಮೇಲಿನ ಪಕ್ಕದ ತಗಡು, ಅಂದರೆ ಎಡ ಕ್ವಾರ್ಟರ್ ಪ್ಯಾನೆಲ್, ಚಕ್ರದ ಹತ್ತಿರ ಮಡಚಿಕೊಂಡಿತು. ಎಡ ಟೈಲ್ ಲ್ಯಾಂಪ್ ಪುಡಿ. ಡಿಕ್ಕಿ ಬಾಗಿಲು ಮುಚ್ಚಲಿಲ್ಲ, ಹಗ್ಗ ಕಟ್ಟಿ ಮನೆಗೆ ತಂದೆ. ನಮಗ್ಯಾರಿಗೂ ಪೆಟ್ಟಾಗಲಿಲ್ಲ, ಹೆಂಡತಿಗೆ ಎರಡು ದಿನ ಕತ್ತು ನೋವು ಅಷ್ಟೇ.

ಇನ್ಶೂರೆನ್ಸ್ ಕ್ಲೇಮ್ ಮಾಡಿದೆ. ನನ್ನದು ಜೀರೋ ಡೆಪ್ ಪಾಲಿಸಿ, ಅಂದರೆ ಭಾಗಗಳ ಸವಕಳಿಯನ್ನು ಕಡಿತ ಮಾಡದ ಪಾಲಿಸಿ ಅಲ್ಲ. ಹಾಗಾಗಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ 50% ನನ್ನ ಕಿಸೆಯಿಂದ. ಐದರಿಂದ ಹತ್ತು ವರ್ಷದ ಗಾಡಿಗೆ ಲೋಹದ ಭಾಗಗಳಲ್ಲಿ 40% ಕಡಿತ. ಗಾಜಿಗೆ ಮಾತ್ರ ಕಡಿತ ಇಲ್ಲ. ನೋ ಕ್ಲೇಮ್ ಬೋನಸ್ ಹೋಯಿತು. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯ) 75% ದಾಟಿದರೆ ಗಾಡಿಯನ್ನು ಟೋಟಲ್ ಲಾಸ್ ಎಂದು ಲೆಕ್ಕ ಹಾಕುತ್ತಾರೆ. ನನ್ನದು ಅದರ ಹತ್ತಿರಕ್ಕೂ ಹೋಗಲಿಲ್ಲ. ಇಪ್ಪತ್ತೆರಡು ದಿನಕ್ಕೆ ಕಾರು ತೊಳೆದು, ಪಾಲಿಶ್ ಮಾಡಿ, ಥಳಥಳ ಹೊಳೆಯುತ್ತಾ ವಾಪಸ್ ಬಂತು. ಬ್ಯಾಕ್ ಪ್ಯಾನೆಲ್ ಹೊಸದು. ಕ್ವಾರ್ಟರ್ ಪ್ಯಾನೆಲ್ ಹಳೆಯದೇ, ಟಿಂಕರಿಂಗ್ ಮಾಡಿ ಎಳೆದು ನೇರ ಮಾಡಿದ್ದರು.

ಅಲ್ಲಿಂದ ಐದು ತಿಂಗಳು ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ಬಣ್ಣ. ಎಡ ಕ್ವಾರ್ಟರ್ ಪ್ಯಾನೆಲ್ ಪಕ್ಕದ ಬಾಗಿಲಿಗಿಂತ ಒಂದು ಕೂದಲೆಳೆ ಕಪ್ಪು. ಬೆಳಗ್ಗೆ ಗೊತ್ತಾಗುವುದಿಲ್ಲ, ಸಂಜೆ ಬಿಸಿಲು ಓರೆಯಾಗಿ ಬಿದ್ದರೆ ಕಾಣುತ್ತದೆ. ಬಂದವರಿಗೆಲ್ಲ ನಾನೇ ತೋರಿಸುತ್ತಿದ್ದೆ. ಯಾರಿಗೂ ಕಾಣುತ್ತಿರಲಿಲ್ಲ, ನನಗೆ ಸಿಟ್ಟು ಬರುತ್ತಿತ್ತು.

ಜೂನ್, ಎರಡನೇ ಭಾನುವಾರ

ಮಳೆ ಹಿಡಿದು ಒಂದು ವಾರ. ಕಾರಿನೊಳಗೆ ಒದ್ದೆ ಗೋಣಿಚೀಲದ ವಾಸನೆ. ಎಸಿ ಫಿಲ್ಟರ್ ಇರಬೇಕು ಎಂದುಕೊಂಡು ಬದಲಾಯಿಸಿದೆ. ವಾಸನೆ ಹೋಗಲಿಲ್ಲ. ಇವತ್ತು ತರಕಾರಿ ಚೀಲ ಇಡಲು ಹೋದ ಹೆಂಡತಿ "ಮ್ಯಾಟ್ ತಣ್ಣಗಿದೆ ನೋಡಿ" ಎಂದಳು. ಮ್ಯಾಟ್ ಎತ್ತಿದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಎರಡು ಚೊಂಬಾಗುವಷ್ಟು ನೀರು. ಜಾಕ್ ತುಕ್ಕು ಹಿಡಿದು ಕೆಂಪಾಗಿತ್ತು. ಸ್ಟೆಪ್ನಿಯ ಉಕ್ಕಿನ ಡಿಸ್ಕ್ ಮೇಲೂ ಕೆಂಪು ಬಳೆ.

ಅರ್ಧ ಗಂಟೆ ಸುಮ್ನೆ ನಿಂತಿದ್ದೆ. ಐದು ತಿಂಗಳಲ್ಲಿ ಹೊರಗಿನ ಬಣ್ಣವನ್ನು ಸಾವಿರ ಸಲ ನೋಡಿದ್ದೆ, ಮ್ಯಾಟ್ ಒಂದು ಸಲವೂ ಎತ್ತಿರಲಿಲ್ಲ.

ಭಾವನಿಗೆ ಫೋನ್ ಮಾಡಿದೆ. "ಮಾರಿಬಿಡು, ಆಕ್ಸಿಡೆಂಟ್ ಗಾಡಿ ಯಾವತ್ತಿದ್ದರೂ ತಲೆನೋವು" ಎಂದರು. ಮಾರುವುದಾದರೂ ಏನು ಕೆಟ್ಟಿದೆ ಎಂದು ಗೊತ್ತಾಗಬೇಕಲ್ಲ. ಎರಡು ಪ್ರಶ್ನೆ ಬರೆದುಕೊಂಡೆ. ನೀರು ಎಲ್ಲಿಂದ ಬರುತ್ತಿದೆ? ಹೊಡೆತಕ್ಕೆ ಕಾರಿನ ಎಲುಬು ಅಲುಗಿದೆಯಾ? ಬಣ್ಣದ ವಿಷಯ ಪಟ್ಟಿಯಿಂದ ತೆಗೆದೆ.

ಎಲುಬು ಎಂದರೆ ಏನು ಎಂದು ಇಲ್ಲೇ ಹೇಳಿಬಿಡುತ್ತೇನೆ. ಲಾರಿಗೆ, ಹಳೆಯ ಜೀಪಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. ಸ್ವಿಫ್ಟ್‌ನಂಥ ಕಾರಿಗೆ ಆ ತರಹ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾನೆಟ್, ಮುಂದಿನ ಫೆಂಡರ್, ಬಾಗಿಲು, ಡಿಕ್ಕಿ ಬಾಗಿಲು, ಬಂಪರ್ ಎಲ್ಲ ಬೋಲ್ಟ್ ಬಿಚ್ಚಿದರೆ ಬರುತ್ತವೆ. ಅವುಗಳಿಗೆ ಎಷ್ಟು ಪೆಟ್ಟು ಬಿದ್ದರೂ ದುಡ್ಡಿನ ಪ್ರಶ್ನೆ ಮಾತ್ರ. ಟಾಪ್ ಹೊರುವ ಪಿಲ್ಲರ್, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಮುಂದಿನ ಚಕ್ರದ ಒಳಮಗ್ಗುಲಿನ ಏಪ್ರನ್, ಫ್ಲೋರ್, ಅದರ ಕೆಳಗೆ ಉದ್ದಕ್ಕೆ ಓಡುವ ಎರಡು ಲಾಂಗ್ ಮೆಂಬರ್, ಇವೆಲ್ಲ ವೆಲ್ಡ್ ಆಗಿರುವ ಭಾಗಗಳು. ಚಕ್ರ, ಸೀಟು, ಬೆಲ್ಟು ನಿಂತಿರುವುದು ಇವುಗಳ ಮೇಲೆ. ಬ್ಯಾಕ್ ಪ್ಯಾನೆಲ್ ಮತ್ತು ಕ್ವಾರ್ಟರ್ ಪ್ಯಾನೆಲ್ ಮಧ್ಯದವು. ವೆಲ್ಡ್ ಆಗಿರುತ್ತವೆ, ಆದರೆ ಭಾರ ಹೊರುವ ಮುಖ್ಯ ಕೆಲಸ ಅವುಗಳದ್ದಲ್ಲ.

ಅದೇ ದಿನ ಮಧ್ಯಾಹ್ನ, ಪೌಡರ್

ಗುಂಡಿಯ ನೀರು ಚೆಲ್ಲಿ, ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಡಿಕ್ಕಿಯ ಒಳಗಿನ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಿದೆ. ಆಮೇಲೆ ಎಲ್ಲ ಜೋಡಣೆಗಳ ಮೇಲೆ ಮಕ್ಕಳ ಪೌಡರ್ ಉದುರಿಸಿದೆ. ನೀರು ಹರಿದ ಕಡೆ ಪೌಡರ್‌ನಲ್ಲಿ ಗೆರೆ ಬೀಳುತ್ತದೆ, ಗೆರೆ ಹಿಡಿದು ಮೇಲಕ್ಕೆ ಹೋದರೆ ಬಾಯಿ ಸಿಗುತ್ತದೆ.

ಮಗನನ್ನು ಟಾರ್ಚ್ ಕೊಟ್ಟು ಡಿಕ್ಕಿಯೊಳಗೆ ಕೂರಿಸಿದೆ. ಹನ್ನೊಂದು ವರ್ಷ, ಅವನಿಗೆ ಇದು ಹಬ್ಬ. ಹಿಂದಿನ ಸೀಟು ಮಡಚಿದ್ದರಿಂದ ಗಾಳಿಗೆ ತೊಂದರೆ ಇಲ್ಲ. ನಾನು ಹೊರಗಿನಿಂದ ಪೈಪ್ ಹಿಡಿದೆ. ಮೊದಲು ಕೆಳಗೆ ಬಂಪರ್ ಹತ್ತಿರ ಐದು ನಿಮಿಷ. ಆಮೇಲೆ ಟೈಲ್ ಲ್ಯಾಂಪ್ ಹತ್ತಿರ. ಕೊನೆಗೆ ಮೇಲೆ, ಬಾಗಿಲಿನ ರಬ್ಬರ್ ಹತ್ತಿರ. ಕೆಳಗಿನಿಂದಲೇ ಶುರು ಮಾಡಬೇಕು. ಮೇಲಿಂದ ಹೊಯ್ದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಯಾವುದು ಕಳ್ಳ ಎಂದು ಗೊತ್ತಾಗುವುದಿಲ್ಲ.

ಬಂಪರ್ ಹತ್ತಿರ ಹಿಡಿದಾಗಲೇ "ಅಪ್ಪಾ, ಎಡಗಡೆ ಮೂಲೆ!" ಎಂದು ಕೂಗಿದ. ಟೈಲ್ ಲ್ಯಾಂಪ್ ಹತ್ತಿರ ಹೋದಾಗ ಇನ್ನೊಂದು ಗೆರೆ. ಮೇಲಿನ ರಬ್ಬರ್ ಸರಿಯಾಗಿತ್ತು. ಆ ರಬ್ಬರ್‌ಗೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಹತ್ತು ರೂಪಾಯಿ ನೋಟನ್ನು ಅಂಚಿಗೆ ಇಟ್ಟು ಡಿಕ್ಕಿ ಮುಚ್ಚಿ ಎಳೆಯುವುದು. ಎಲ್ಲ ಕಡೆ ಒಂದೇ ಬಿಗಿಯಲ್ಲಿ ಬರಬೇಕು. ಸುಮ್ನೆ ನೀರಿಗಾಗಿ ಅಲ್ಲ ಇದು. ಕಾರು ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರ್ ಹೊಗೆ ಅಲ್ಲೇ ಸುತ್ತುತ್ತಿರುತ್ತದೆ. ಡಿಕ್ಕಿಯಲ್ಲಿ ಸಂದಿ ಇದ್ದರೆ ಒಳಗೆ ಬರಬಹುದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಹಿಂದಿನಿಂದ ಹೊಡೆತ ತಿಂದ ಕಾರಿನಲ್ಲಿ ಒಂದು ಹನಿ ನೀರು ಒಳಗೆ ಬಂದರೂ ನಾನು ಇನ್ನು ಮೇಲೆ ಹೊಗೆಯನ್ನೂ ನೆನೆಸಿಕೊಳ್ಳುತ್ತೇನೆ.

ಮುಂದಿನ ಶನಿವಾರ, ಎಲುಬಿನ ಲೆಕ್ಕ

ಬಿಚ್ಚುವ ಮೊದಲು ಅಳೆಯಬೇಕು ಎಂದು ತೀರ್ಮಾನಿಸಿದ್ದೆ. ಲಾಂಗ್ ಮೆಂಬರ್ ಸೊಟ್ಟಗಿದ್ದರೆ ನೀರಿನ ರಿಪೇರಿ ದಂಡ.

ಗೆಳೆಯನಿಂದ ಪೇಂಟ್ ಮೀಟರ್ ತಂದಿದ್ದೆ. ಹಳೆ ಕಾರು ವ್ಯಾಪಾರದವರು ಇಟ್ಟುಕೊಳ್ಳುವ ಪುಟ್ಟ ಯಂತ್ರ, ಉಕ್ಕಿನ ಮೇಲೆ ಎಷ್ಟು ದಪ್ಪ ಬಣ್ಣ ಕೂತಿದೆ ಎಂದು ಮೈಕ್ರಾನ್‌ನಲ್ಲಿ ತೋರಿಸುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಇದು ಕೆಲಸ ಮಾಡುವುದಿಲ್ಲ. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಒಳಗೆ ಇರುತ್ತದೆ. ನನ್ನ ಕಾರಿನ ಟಾಪ್ 110, ಬಲ ಕ್ವಾರ್ಟರ್ 118. ಎಡ ಕ್ವಾರ್ಟರ್ 280ರಿಂದ 340. ಚಕ್ರದ ಕಮಾನಿನ ಮೇಲೆ ಅಂಗೈ ಅಗಲದ ಜಾಗದಲ್ಲಿ ಮಾತ್ರ 930. ಅಂದರೆ ಅಲ್ಲಿ ಪುಟ್ಟಿ ಇದೆ. ಹೆದರಬೇಕಾ? 1000 ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್. ಲೋಹವನ್ನು ಸುತ್ತಿಗೆಯಲ್ಲಿ ಸರಿಯಾಗಿ ಎತ್ತಿ, ಕೊನೆಯ ನಯಕ್ಕೆ ತೆಳುವಾಗಿ ಪುಟ್ಟಿ ಎಳೆದರೆ ಅದು ಒಳ್ಳೆಯ ಕೆಲಸವೇ. ತಗ್ಗನ್ನು ಎತ್ತದೆ ಅರ್ಧ ಬೆರಳು ಪುಟ್ಟಿ ಮೆತ್ತಿದರೆ ಅದು ಮೋಸ, ಆಗ ಬಿರುಕು ಬಿಡುತ್ತದೆ. ನನ್ನದು ಮೊದಲನೆಯ ಜಾತಿ.

ಕತ್ತಲಾದ ಮೇಲೆ ಪೋರ್ಟಿಕೋದ ಟ್ಯೂಬ್‌ಲೈಟ್ ಹಾಕಿ, ಅದರ ಪ್ರತಿಬಿಂಬವನ್ನು ಕಾರಿನ ಮೈಮೇಲೆ ಓಡಿಸಿ ನೋಡಿದೆ. ಟಾಪ್ ಮೇಲೆ, ಹಿಂದಿನ ಪಿಲ್ಲರ್ ಸೇರುವ ಜಾಗದಲ್ಲಿ ಗೆರೆ ನೇರವಾಗಿ ಹೋಗಬೇಕು. ಜೋರಾದ ಹೊಡೆತವಾಗಿದ್ದರೆ ಅಲ್ಲಿ ಅಲೆ ಕಾಣುತ್ತದೆ. ಕಾಣಲಿಲ್ಲ. ಹಿಂದಿನ ಎರಡೂ ಬಾಗಿಲು ಒಂದೇ ಸದ್ದಿನಲ್ಲಿ ಮುಚ್ಚಿದವು.

ಆಮೇಲೆ ಅಸಲಿ ಕೆಲಸ. ಗಾರೆ ಕೆಲಸದವರ ತೂಗುಗುಂಡು ಒಂದು, ಸೀಮೆಸುಣ್ಣ, ಉಕ್ಕಿನ ಟೇಪ್. ಕಾರಿನ ಕೆಳಗೆ ಎಡಕ್ಕೂ ಬಲಕ್ಕೂ ಒಂದೇ ತರಹ ಇರುವ ಕಂಪನಿ ತೂತುಗಳಿರುತ್ತವೆ. ಮಧ್ಯದಲ್ಲಿ ಒಂದು ಜೋಡಿ, ಹಿಂದೆ ಲಾಂಗ್ ಮೆಂಬರ್‌ನಲ್ಲಿ ಒಂದು ಜೋಡಿ ಆರಿಸಿದೆ. ಪ್ರತಿ ತೂತಿನಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿದೆ. ಕಾರನ್ನು ತಳ್ಳಿ ಆಚೆ ನಿಲ್ಲಿಸಿದೆ. ನೆಲದ ಮೇಲೆ ನಾಲ್ಕು ಚುಕ್ಕಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಬೇಕು, ಮನೆಗೆ ಪಾಯ ಹಾಕುವಾಗ ಮೇಸ್ತ್ರಿಗಳು ಮೂಲೆಮಟ್ಟ ನೋಡುತ್ತಾರಲ್ವಾ, ಅದೇ ಲೆಕ್ಕ. ಎರಡೂ ಓರೆಗೆರೆ ಸಮ ಇದ್ದರೆ ಚೌಕ ಸರಿ.

ಏಳು ಮಿಲಿಮೀಟರ್ ವ್ಯತ್ಯಾಸ ಬಂತು. ಗ್ಯಾರೇಜುಗಳಲ್ಲಿ ಮೂರು ಮಿಲಿಮೀಟರ್ ಒಳಗಿದ್ದರೆ ಸರಿ ಎನ್ನುತ್ತಾರೆ. ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆ ಕಾರುಗಳ ಬೆಲೆ ನೋಡುತ್ತಾ ಮಲಗಿದೆ.

ಬೆಳಗ್ಗೆ ಎದ್ದು ಇನ್ನೊಮ್ಮೆ ಅಳೆದೆ. ಈ ಸಲ ಐದು. ಮೂರನೇ ಸಲ ಒಂದು. ಅಳತೆ ಹೀಗೆ ಕುಣಿದರೆ ತಪ್ಪು ಕಾರಿನದಲ್ಲ, ಅಳೆಯುವವನದ್ದು. ಸೆಖೆಗೆಂದು ಪೋರ್ಟಿಕೋದಲ್ಲಿ ಪೆಡೆಸ್ಟಲ್ ಫ್ಯಾನ್ ಹಾಕಿಕೊಂಡಿದ್ದೆ. ಗುಂಡು ಗಾಳಿಗೆ ತೂಗಾಡುತ್ತಿತ್ತು! ಫ್ಯಾನ್ ಆರಿಸಿ, ಗುಂಡಿನ ತುದಿಯನ್ನು ಎಣ್ಣೆ ತುಂಬಿದ ತಟ್ಟೆಯಲ್ಲಿ ಅದ್ದಿ ನಿಲ್ಲಿಸಿ, ಮೂರು ಸಲ ಅಳೆದೆ. ಎರಡು, ಎರಡು, ಒಂದು. ಚಕ್ರದ ಮಧ್ಯದಿಂದ ಮಧ್ಯಕ್ಕೆ ಎಡಗಡೆ 2429, ಬಲಗಡೆ 2431. ಈ ಮಾಡೆಲ್‌ನ ವೀಲ್‌ಬೇಸ್ 2430 ಮಿಲಿಮೀಟರ್. ಒಂದು ಲೋಟ ಕಾಫಿ ಜಾಸ್ತಿ ಕುಡಿದೆ.

ಸೋಮವಾರ ವೀಲ್ ಅಲೈನ್‌ಮೆಂಟ್‌ಗೆ ಹೋಗಿ "ಹಿಂದಿನ ಚಕ್ರದ ರೀಡಿಂಗ್ ಬೇಕು, ಪ್ರಿಂಟ್ ಕೊಡಿ" ಎಂದೆ. "ಹಿಂದೆ ಅಡ್ಜಸ್ಟ್ ಮಾಡೋಕೆ ಏನೂ ಇಲ್ಲ ಸಾರ್" ಎಂದ ಹುಡುಗ. ಅದಕ್ಕೇ ಬೇಕಾಗಿತ್ತು. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಸೇರಿಸುವ ಒಂದೇ ತೊಲೆ ಇರುವ ಇಂಥ ಕಾರಿನಲ್ಲಿ ಮುಂದಿನ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ತಿರುಗಿಸಬಹುದು. ತಿರುಗಿಸಲು ಆಗದ ಅಂಕಿಯೇ ಸುಳ್ಳು ಹೇಳದ ಅಂಕಿ. ಹಿಂದಿನ ಕೋನ ಕೆಟ್ಟಿದ್ದರೆ ಬೀಮ್ ಬಾಗಿದೆ, ಇಲ್ಲ ಅದು ಕೂತಿರುವ ಜಾಗ ಸರಿದಿದೆ ಎಂದರ್ಥ. ನನ್ನ ಪ್ರಿಂಟ್‌ನಲ್ಲಿ ಎಡ ಬಲ ಹೆಚ್ಚೂಕಡಿಮೆ ಒಂದೇ.

ಪಕ್ಕದ ರಸ್ತೆಯಲ್ಲಿ ಒಬ್ಬ ಹಿರಿಯ ಟಿಂಕರಿಂಗ್ ಮೇಸ್ತ್ರಿ ಇದ್ದಾರೆ. ಅವರಿಗೂ ತೋರಿಸಿದೆ. ರ‍್ಯಾಂಪ್ ಹತ್ತಿಸಿ, ಬಣ್ಣದ ಕಡೆ ಕಣ್ಣೂ ಹಾಯಿಸದೆ ಎಡ ಲಾಂಗ್ ಮೆಂಬರ್ ಮೇಲೆ ಬೆರಳು ಎಳೆದುಕೊಂಡು ಹೋದರು. "ಇಲ್ಲಿ ಸುಕ್ಕಿದ್ದಿದ್ರೆ ಮಾತೇ ಬೇರೆ ಇತ್ತು ಸಾರ್. ಗ್ಯಾಸಲ್ಲಿ ಕೆಂಪಗೆ ಕಾಯಿಸಿ ಎಳೆದಿದ್ರೆ ಇನ್ನೂ ಬೇರೆ." ಈ ಭಾಗಗಳಲ್ಲಿ ಗಟ್ಟಿ ಜಾತಿಯ ಉಕ್ಕು ಬಳಸುತ್ತಾರೆ. ಕೆಂಪಗೆ ಕಾಯಿಸಿದರೆ ಆ ಗಟ್ಟಿತನ ಇಳಿಯುತ್ತದೆ. ಹೊಡೆತ ಬಿದ್ದಾಗ ಲೆಕ್ಕದ ಪ್ರಕಾರ ಮಡಚಿಕೊಂಡು ಪೆಟ್ಟನ್ನು ತಿನ್ನುವುದೇ ಲಾಂಗ್ ಮೆಂಬರ್‌ನ ಕೆಲಸ. ಒಮ್ಮೆ ಮಡಚಿ ನೇರ ಮಾಡಿದ್ದು ಎರಡನೇ ಸಲ ಹಾಗೆಯೇ ಮಡಚಿಕೊಳ್ಳುತ್ತದೆ ಎಂದು ನಂಬುವ ಹಾಗಿಲ್ಲ. ನನ್ನ ಕಾರಿನಲ್ಲಿ ಅಲ್ಲಿ ಸುಕ್ಕು ಇದ್ದಿದ್ದರೆ ಭಾವನ ಮಾತು ಕೇಳಿಬಿಡುತ್ತಿದ್ದೆ, ಎಷ್ಟೇ ಚೆನ್ನಾಗಿ ಹೊಳೆದರೂ.

ಜೂನ್ ಕೊನೆಯ ವಾರಾಂತ್ಯ, ಬಿಚ್ಚಿದ್ದು

ಬಂಪರ್ ಬಿಚ್ಚುವುದು ಬ್ರಹ್ಮವಿದ್ಯೆಯಲ್ಲ. ಚಕ್ರದ ಕಮಾನಿನ ಒಳಗೆ ಸ್ಕ್ರೂ, ಕೆಳಗೆ ಕ್ಲಿಪ್, ಟೈಲ್ ಲ್ಯಾಂಪ್ ತೆಗೆದರೆ ಅಲ್ಲೊಂದಿಷ್ಟು. ಎರಡು ಕ್ಲಿಪ್ ಮುರಿದೆ, ಹತ್ತು ಹೊಸದು ತಂದಿಟ್ಟುಕೊಂಡಿದ್ದೆ.

ಬಂಪರ್ ಇಳಿದಾಗ ಗ್ಯಾರೇಜಿನ ಕೆಲಸ ಬಯಲಾಯಿತು. ವೆಲ್ಡಿಂಗ್ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಕಂಪನಿಯಲ್ಲಿ ಬ್ಯಾಕ್ ಪ್ಯಾನೆಲ್ ಕೂರಿಸುವುದು ಸ್ಪಾಟ್ ವೆಲ್ಡಿಂಗ್‌ನಲ್ಲಿ, ಒಂದೇ ಅಂತರದಲ್ಲಿ ಸಾಲಾಗಿ ಚಿಕ್ಕ ಗುಳಿಗಳು ಕಾಣುತ್ತವೆ. ಗ್ಯಾರೇಜಿನಲ್ಲಿ ಆ ಸ್ಪಾಟ್‌ಗಳನ್ನು ಡ್ರಿಲ್ ಮಾಡಿ ಬಿಡಿಸಿ, ಹೊಸ ಪ್ಯಾನೆಲ್‌ನಲ್ಲಿ ತೂತು ಹಾಕಿ, ಆ ತೂತುಗಳನ್ನು ಸಿಒಟೂ ವೆಲ್ಡಿಂಗ್‌ನಲ್ಲಿ ತುಂಬುತ್ತಾರೆ. ಇವರೂ ಹಾಗೇ ಮಾಡಿದ್ದರು. ಬಲಗಡೆ ಎಷ್ಟಿದ್ದವೋ ಎಡಗಡೆಯೂ ಅಷ್ಟೇ ಎಣಿಸಿದೆ.

ಎಡವಿದ್ದು ಕೊನೆಯ ಒಂದು ಗಂಟೆಯ ಕೆಲಸದಲ್ಲಿ. ಎರಡು ತಗಡು ಸೇರುವ ಜಾಗಕ್ಕೆ ಸೀಲೆಂಟ್ ಹಚ್ಚಿದ್ದಾರೆ, ಆದರೆ ವೆಲ್ಡಿಂಗ್ ಮಸಿಯನ್ನೂ ಧೂಳನ್ನೂ ಒರೆಸದೆ ಅದರ ಮೇಲೇ. ಉಗುರು ಹಾಕಿದರೆ ಚಪಾತಿಯ ಹಾಗೆ ಎದ್ದು ಬಂತು. ಕೆಳಗೆ ತಗಡು ಬೆತ್ತಲೆ, ಅದರ ಮೇಲೆ ಕಿತ್ತಳೆ ಬಣ್ಣದ ತುಕ್ಕು. ಟೈಲ್ ಲ್ಯಾಂಪಿನ ಹಿಂದಿನ ಸ್ಪಂಜ್ ಗ್ಯಾಸ್ಕೆಟ್ ಮಡಚಿಕೊಂಡು ಕೂತಿತ್ತು. ಬಂಪರ್ ಹಿಂದೆ ಕ್ಯಾಬಿನ್ ಗಾಳಿ ಹೊರಗೆ ಹೋಗಲು ಇರುವ ರಬ್ಬರ್ ರೆಕ್ಕೆಯ ಕಿಟಕಿ ಒಂದು ಮೂಲೆಯಲ್ಲಿ ಹಿಡಿದೇ ಇರಲಿಲ್ಲ. ಮೂರೂ ಸೇರಿ ಎರಡು ಚೊಂಬು.

ತಗಡಿನ ದಪ್ಪ ಒಂದು ಮಿಲಿಮೀಟರ್‌ಗಿಂತ ಕಡಿಮೆ. ವೆಲ್ಡಿಂಗ್ ಶಾಖಕ್ಕೆ ಹಿಂಬದಿಯ ಪ್ರೈಮರ್, ಸತುವಿನ ಲೇಪ ಇದ್ದರೆ ಅದೂ ಸುಟ್ಟು ಹೋಗಿರುತ್ತದೆ. ಮುಂಬದಿಗೆ ಮಾತ್ರ ಬಣ್ಣ ಹೊಡೆದರೆ ತುಕ್ಕು ಹಿಂದಿನಿಂದ ತಿಂದುಕೊಂಡು ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತೂತು. ಮಲೆನಾಡಿನ ಮಳೆಯಲ್ಲಿ, ಕರಾವಳಿಯ ಉಪ್ಪುಗಾಳಿಯಲ್ಲಿ ಇದಕ್ಕೆ ಹೆಚ್ಚು ವರ್ಷ ಬೇಕಾಗುವುದಿಲ್ಲ.

ಹಳೆ ಸೀಲೆಂಟ್ ಪೂರ್ತಿ ಕೆರೆದೆ. ತಂತಿ ಬ್ರಷ್, ಆಮೇಲೆ 120 ನಂಬರ್ ಸ್ಯಾಂಡ್ ಪೇಪರ್. ಮೂಲೆಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕು ಮುಂದೆ ಹರಡದ ಹಾಗೆ ಕಟ್ಟುವ ದ್ರಾವಣ) ಹಚ್ಚಿದೆ, ಕಪ್ಪಾಯಿತು. ಥಿನ್ನರ್‌ನಲ್ಲಿ ಒರೆಸಿ ಎರಡು ಕೈ ಎಪಾಕ್ಸಿ ಪ್ರೈಮರ್. ಪ್ರೈಮರ್‌ಗೆ ತೇವ ಆಗುವುದಿಲ್ಲ, ಅದಕ್ಕಾಗಿ ಎರಡು ದಿನ ಮಳೆ ಬಿಡುವುದನ್ನೇ ಕಾದೆ. ಪಿಯು (ಪಾಲಿಯುರೆಥೇನ್) ಸೀಲೆಂಟ್ ಕಥೆ ಉಲ್ಟಾ, ಅದು ಗಾಳಿಯ ತೇವ ಕುಡಿದೇ ಗಟ್ಟಿಯಾಗುವುದು. ಜೂನ್ ತಿಂಗಳಲ್ಲಿ ಅದಕ್ಕೆ ಸುಗ್ಗಿ.

ಹಾರ್ಡ್‌ವೇರ್ ಅಂಗಡಿಯವರು "ಬಾತ್‌ರೂಮ್ ಸಿಲಿಕಾನ್ ಹಾಕಿ, ಅರ್ಧ ರೇಟು" ಎಂದರು. ಬೇಡ. ಹುಳಿ ವಾಸನೆ ಬರುವ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅಂದರೆ ವಿನೆಗರ್. ತುಕ್ಕಿಗೆ ನಾವೇ ಉಪ್ಪಿನಕಾಯಿ ಹಾಕಿಕೊಟ್ಟ ಹಾಗೆ. ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಪಿಯು ಟ್ಯೂಬ್ ಒಂದರಲ್ಲಿ ಕೆಲಸ ಮುಗಿದು ಸ್ವಲ್ಪ ಉಳಿಯಿತು. ಬೆರಳಿಗೆ ಸೋಪಿನ ನೀರು ಅದ್ದಿ ಎಳೆದೆ. ನೋಡಲು ಚೆನ್ನಾಗಿಲ್ಲ, ಕಂಪನಿಯ ರೋಬೋ ಎಳೆದ ಗೆರೆಯ ಪಕ್ಕ ನನ್ನದು ಒಂದನೇ ಕ್ಲಾಸಿನ ಅಕ್ಷರದ ಹಾಗಿದೆ. ಮುಂದೆ ಯಾರಾದರೂ ಕೊಳ್ಳುವವರು ಬಂಪರ್ ಬಿಚ್ಚಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಾಗಲಿ, ಬಿಲ್ಲು, ಫೋಟೋ ಎಲ್ಲ ಇಟ್ಟಿದ್ದೇನೆ.

ಒಂದು ದಿನ ಒಣಗಲು ಬಿಟ್ಟು, ಮೇಲೆ ಬಣ್ಣ ಹೊಡೆದು, ಲಾಂಗ್ ಮೆಂಬರ್‌ನ ತೂತುಗಳಿಂದ ಉದ್ದ ನಳಿಗೆ ತೂರಿಸಿ ಕ್ಯಾವಿಟಿ ವ್ಯಾಕ್ಸ್, ಅಂದರೆ ಒಳಗಿನ ಟೊಳ್ಳಿಗೆ ತುಕ್ಕು ತಡೆಯುವ ಮೇಣ ಹೊಡೆದೆ. ವೆಲ್ಡಿಂಗ್‌ನ ಹಿಂಬದಿಗೆ ತಲುಪಲು ಬೇರೆ ದಾರಿ ಇಲ್ಲ. ಮೇಣ ಕೆಳಗಿನ ತೂತಿನಿಂದ ತೊಟ್ಟಿಕ್ಕಲು ಶುರುವಾದರೆ ಸಾಕು. ಆ ತೂತು ಆಮೇಲೆ ಕಟ್ಟಿಕೊಳ್ಳದ ಹಾಗೆ ತೆಂಗಿನ ಪೊರಕೆ ಕಡ್ಡಿ ಆಡಿಸಿದೆ. ನಾಲ್ಕೂ ಬಾಗಿಲಿನ ಕೆಳಗೆ ನೀರು ಇಳಿದು ಹೋಗುವ ತೂತಿಗೂ ಅದೇ ಕಡ್ಡಿ. ಎಡ ಹಿಂದಿನ ಬಾಗಿಲಿನದು ಕಪ್ಪು ಅಂಡರ್‌ಬಾಡಿ ಕೋಟಿಂಗ್‌ನಲ್ಲಿ ಮುಚ್ಚಿಹೋಗಿತ್ತು. ರಿಪೇರಿ ಮಾಡಿದವರು ಉಚಿತವಾಗಿ ಹೊಡೆದುಕೊಟ್ಟ ಕೋಟಿಂಗ್! ಕಡ್ಡಿ ಹಾಕಿದ್ದೇ ತಡ, ಕಂದು ನೀರು ಚಿಮ್ಮಿತು.

ಹೊಸ ಗ್ಯಾಸ್ಕೆಟ್, ಹೊಸ ರೆಕ್ಕೆ ಕಿಟಕಿ, ಸ್ಟೆಪ್ನಿ ಗುಂಡಿಗೆ ಹೊಸ ರಬ್ಬರ್ ಬಿರಡೆ. ಸಾಮಾನಿಗೆ ಒಟ್ಟು ಎರಡು ಸಾವಿರದ ಚಿಲ್ಲರೆ. ಗ್ಯಾರೇಜಿನವರಿಗೆ ಫೋಟೋ ಕಳಿಸಿದ್ದೆ. "ತನ್ನಿ ಸಾರ್, ಮಾಡ್ಕೊಡ್ತೀವಿ" ಎಂದರು. ಆ ಹೊತ್ತಿಗೆ ಅರ್ಧ ಬಿಚ್ಚಿದ್ದೆ, ಮತ್ತೆ ಅದೇ ಕೈಗೆ ಕೊಡಲು ಮನಸ್ಸೂ ಬರಲಿಲ್ಲ.

ಆಗಸ್ಟ್

ಜೋಡಿಸಿದ ಮೇಲೆ ಸ್ಟೆಪ್ನಿ ಗುಂಡಿಯಲ್ಲಿ ದಿನಪತ್ರಿಕೆಯ ಒಂದು ಹಾಳೆ ಹಾಸಿಟ್ಟೆ. ನೀರು ಬಂದು ಮತ್ತೆ ಒಣಗಿದ್ದರೂ ಕಾಗದ ಸುಕ್ಕಾಗಿ ಹೇಳುತ್ತದೆ. ಜುಲೈ ಪೂರ್ತಿ ಮಳೆ. ಆಗುಂಬೆ ಕಡೆ ಒಂದು ದಿನ ಹೋಗಿ ಬಂದೆವು, ವೈಪರ್ ಒಂದು ಕ್ಷಣ ನಿಲ್ಲಲಿಲ್ಲ. ನಿನ್ನೆ ಹಾಳೆ ತೆಗೆದೆ. ಗರಿಗರಿ. ಪದಬಂಧದ ಪುಟ ಅದು, ಮಗ ಕೂತು ತುಂಬಿಸಿದ.

ಪುಟ್ಟಿ ಇರುವ ಜಾಗದಲ್ಲಿ ತಿಂಗಳಿಗೊಮ್ಮೆ ಬೆರಳಾಡಿಸಿ ಗುಳ್ಳೆ ಎದ್ದಿದೆಯಾ ನೋಡುತ್ತೇನೆ. ಮುಂದಿನ ಮೇ ತಿಂಗಳಲ್ಲಿ ಇನ್ನೊಂದು ಸಲ ವ್ಯಾಕ್ಸ್ ಹೊಡೆಯಬೇಕು. ಭಾವ ಮೊನ್ನೆ ಬಂದಿದ್ದರು. ಕಾರಿನ ಸುತ್ತ ಒಂದು ಸುತ್ತು ಹಾಕಿ ಎಡಗಡೆ ನಿಂತರು. "ಎಲ್ಲ ಸರಿ ಮಾರಾಯ, ಈ ಪ್ಯಾನೆಲ್ ಸ್ವಲ್ಪ ಕಪ್ಪಾಗಿ ಕಾಣಲ್ವಾ?"

"ಎಲ್ಲಿ ಭಾವ? ನನಗೇನೂ ಕಾಣ್ತಿಲ್ಲ" ಎಂದೆ.